ಟ್ರ್ಯಾಕ್ಟರಿನ ಡಿಫರೆನ್ಷಿಯಲ್ ಸದ್ದು ಮಾಡುತ್ತಿದೆಯೇ?

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ನಮ್ಮ ಹಿರಿಯರು ಪಕ್ಕದೂರಿನ ಸಂತೆಗೂ ಗಾಡಿ ಹೂಡುತ್ತಿರಲಿಲ್ಲ. ಎಣ್ಣೆ ಆರಿದರೆ ಅಚ್ಚು ಕಿರುಗುಟ್ಟುತ್ತಿತ್ತು. ಆ ಸದ್ದು ಬೀದಿಗೆಲ್ಲ ಕೇಳಿಸುತ್ತಿದ್ದುದರಿಂದ ಗಾಡಿಯ ಯಜಮಾನ ನಾಚಿಕೆಗಾದರೂ ಕೆಳಗಿಳಿದು ಎಣ್ಣೆ ಹಾಕುತ್ತಿದ್ದನು. ಇಂದು ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ. ಅದರ ಹಿಂದಿನ ಅಚ್ಚಿಗೂ ಕೀಲೆಣ್ಣೆ ಬೇಕು. ಅದಕ್ಕೆ ಗೇರ್ ಆಯಿಲ್ ಎಂದು ಹೆಸರು. ಆದರೆ ಈ ಎಣ್ಣೆ ಕಬ್ಬಿಣದ ಪೆಟ್ಟಿಗೆಯೊಳಗೆ ಅಡಗಿರುವುದರಿಂದ ಅದು ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ ಆಯಿಲನ್ನು ದಿನವೂ ನೋಡುವ ರೈತರು ಸಹ ಗೇರ್ ಆಯಿಲನ್ನು ವರ್ಷಗಟ್ಟಲೆ ಮರೆತಿರುವುದುಂಟು. ಕೊನೆಗೆ ಹಿಂದಿನಿಂದ ಸದ್ದು ಬಂದಾಗಲೇ ಅದರ ನೆನಪಾಗುತ್ತದೆ.

ರೈತ ಬಾಂಧವರೇ, ಎಣ್ಣೆ ಕಡಿಮೆಯಾಗಿ ಡಿಫರೆನ್ಷಿಯಲ್ ಸದ್ದು ಮಾಡಿದಾಗ ಬರಿದೆ ಎಣ್ಣೆ ತುಂಬಿ ಕೆಲಸ ಮುಂದುವರಿಸುವುದು ಚಿಕಿತ್ಸೆಯಲ್ಲ. ಆ ಸದ್ದು ಯಾವ ಭಾಗದಿಂದ ಬರುತ್ತಿದೆ, ಎಣ್ಣೆ ಎಲ್ಲಿ ಹೋಯಿತು, ಒಳಗೆ ಎಷ್ಟು ಹಾನಿಯಾಗಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಟ್ರ್ಯಾಕ್ಟರನ್ನು ಹೊಲಕ್ಕೆ ಇಳಿಸಬೇಕು. ಈ ಉತ್ತರಗಳಲ್ಲಿ ಹೆಚ್ಚಿನವನ್ನು ನೀವೇ ಕಂಡುಕೊಳ್ಳಬಹುದು.

ಒಂದು ಕಹಿ ಅನುಭವ

ನಾನು ಬೇಸಾಯಶಾಸ್ತ್ರದವನು, ಯಂತ್ರಶಾಸ್ತ್ರ ಓದಿದವನಲ್ಲ. ಆದರೂ ಈ ವಿಷಯವನ್ನು ಬರೆಯಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಉಸ್ತುವಾರಿಯಲ್ಲಿದ್ದ ಪ್ರಯೋಗ ತಾಕುಗಳಲ್ಲಿ ಮುಂಗಾರು ಬಿತ್ತನೆ ನಡೆದಿತ್ತು. ಕೆಂಪು ಮಣ್ಣು, ಮಳೆ ನಿಂತ ಮೇಲೆ ಹದ ಉಳಿಯುವುದು ಕೆಲವೇ ದಿನ. ಅಂದು ಮಧ್ಯಾಹ್ನ ಚಾಲಕ ಬಂದು, "ಸಾರ್, ಹಿಂದುಗಡೆ ಏನೋ ಗುಂಯ್ ಅಂತಿದೆ, ಒಂದ್ಸಲ ನೋಡಿಸೋಣ" ಎಂದನು. "ಇನ್ನೆರಡು ತಾಕು ಉಳಿದಿದೆ, ಮುಗಿಸಿಬಿಡಪ್ಪ" ಎಂದೆ.

ಸಂಜೆ ಅಳತೆಕಡ್ಡಿ ತೆಗೆದು ನೋಡಿದಾಗ ಅದರ ತುದಿಗೂ ಎಣ್ಣೆ ತಾಗಿರಲಿಲ್ಲ. ಎಣ್ಣೆ ತರಿಸಿ ತುಂಬಿದೆವು. ಸದ್ದು ತಗ್ಗಿತು, ನನಗೆ ಸಮಾಧಾನವೂ ಆಯಿತು. ಮೂರನೆಯ ದಿನ ಗೊಬ್ಬರದ ಟ್ರೇಲರನ್ನು ಬದುವಿನ ಮೇಲೆ ಹತ್ತಿಸುವಾಗ ಹಿಂದೆ ಧಡ್ ಎಂದು ಸದ್ದಾಗಿ ಟ್ರ್ಯಾಕ್ಟರು ನಿಂತಿತು. ಬಿಚ್ಚಿ ನೋಡಿದಾಗ ಪಿನಿಯನ್ನಿನ ಒಂದು ಬೇರಿಂಗು ಪುಡಿಯಾಗಿತ್ತು. ಅದರ ಚೂರುಗಳು ಹಲ್ಲುಗಳ ನಡುವೆ ಸಿಕ್ಕಿ ಕ್ರೌನಿನ ಎರಡು ಹಲ್ಲುಗಳು ಮುರಿದಿದ್ದವು. ಪಿ.ಟಿ.ಓ. ಸೀಲಿನ ಸುತ್ತ ಪ್ಲಾಸ್ಟಿಕ್ ದಾರ ಸುತ್ತಿಕೊಂಡು ಅದನ್ನು ಕೊಯ್ದುಹಾಕಿತ್ತು. ಎಣ್ಣೆಯೆಲ್ಲ ಹೋದದ್ದು ಅಲ್ಲಿಂದ. ಮೊದಲ ದಿನವೇ ನಿಲ್ಲಿಸಿದ್ದರೆ ಒಂದು ಸೀಲು, ಒಂದು ಬೇರಿಂಗಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಕ್ರೌನ್-ಪಿನಿಯನ್ ಜೋಡಿ ಹಾಕಿಸಬೇಕಾಯಿತು. ಬಿಡಿಭಾಗ ಬರುವ ಹೊತ್ತಿಗೆ ಬಿತ್ತನೆಯ ಕಾಲವೂ ದಾಟಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತಾಯಿತು. ತಪ್ಪು ಚಾಲಕನದಲ್ಲ, ನನ್ನದು.

ಡಿಫರೆನ್ಷಿಯಲ್ ಮಾಡುವ ಕೆಲಸ

ರೋಗ ತಿಳಿಯಬೇಕಾದರೆ ಅಂಗದ ಕೆಲಸ ತಿಳಿದಿರಬೇಕು. ಗೇರ್ ಬಾಕ್ಸಿನಿಂದ ಬರುವ ಶಕ್ತಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರಕ್ಕೆ ತಲಪುತ್ತದೆ. ಪಿನಿಯನ್ನು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಇದರಿಂದ ಶಕ್ತಿಯ ದಿಕ್ಕು ಅಡ್ಡಕ್ಕೆ ತಿರುಗುತ್ತದೆ, ವೇಗ ತಗ್ಗುತ್ತದೆ, ಎಳೆತ ಹೆಚ್ಚುತ್ತದೆ. ಕ್ರೌನಿಗೆ ಜೋಡಿಸಿದ ಗೂಡಿನಲ್ಲಿ ಸ್ಟಾರ್ ಪಿನಿಯನ್ನುಗಳೂ ಎಡಬಲಕ್ಕೆ ಒಂದೊಂದು ಸನ್ ಗೇರೂ ಇರುತ್ತವೆ. ಅಲ್ಲಿಂದ ಶಕ್ತಿ ಎರಡೂ ಕಡೆಯ ಅಚ್ಚಿಗೆ ಹೋಗುತ್ತದೆ. ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಚಕ್ರಕ್ಕೆ ಮುಟ್ಟುವ ಮೊದಲು ಬುಲ್ ಗೇರು ಎಂಬ ಇನ್ನೊಂದು ದೊಡ್ಡ ಹಲ್ಲುಚಕ್ರ ವೇಗವನ್ನು ಮತ್ತೊಮ್ಮೆ ತಗ್ಗಿಸುತ್ತದೆ.

ಇಷ್ಟೆಲ್ಲ ಏಕೆ ಬೇಕು? ಟ್ರ್ಯಾಕ್ಟರು ಹೊಲದ ಅಂಚಿನಲ್ಲಿ ತಿರುಗುವಾಗ ಒಳಚಕ್ರ ಕಡಿಮೆ ದೂರ, ಹೊರಚಕ್ರ ಹೆಚ್ಚು ದೂರ ಹೋಗಬೇಕು. ಹಿಂದಿನ ಎರಡು ಚಕ್ರಗಳ ಅಂತರ 1.4 ಮೀಟರ್, ಒಳಚಕ್ರ ತಿರುಗುವ ವೃತ್ತದ ತ್ರಿಜ್ಯ 3 ಮೀಟರ್ ಎಂದಿಟ್ಟುಕೊಳ್ಳಿ. ಅರ್ಧ ಸುತ್ತು ತಿರುಗುವಷ್ಟರಲ್ಲಿ ಒಳಚಕ್ರ ಸುಮಾರು 9.4 ಮೀಟರ್ ಹೋದರೆ ಹೊರಚಕ್ರ ಸುಮಾರು 13.8 ಮೀಟರ್ ಹೋಗಬೇಕು. ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿಯಾಗಿದ್ದರೆ ಒಂದು ಚಕ್ರ ನೆಲವನ್ನು ಉಜ್ಜಿಕೊಂಡು ಹೋಗಬೇಕಾಗುತ್ತಿತ್ತು. ಈ ತೊಡಕನ್ನು ನಿವಾರಿಸುವ ಹಲ್ಲುಚಕ್ರಗಳ ಜೋಡಣೆಗೆ ಫ್ರಾನ್ಸಿನ ಪೆಕ್ಯೂರ್ ಎಂಬ ಗಡಿಯಾರ ತಯಾರಕ 1820ರ ದಶಕದಲ್ಲಿ ಹಕ್ಕುಪತ್ರ ಪಡೆದನು.

ಒಂದು ಮಾತನ್ನು ನೆನಪಿಡಿ. ಟ್ರ್ಯಾಕ್ಟರು ನೇರವಾಗಿ ಹೋಗುವಾಗ ಸ್ಟಾರ್ ಪಿನಿಯನ್ನುಗಳು ತಮ್ಮ ಕಡ್ಡಿಯ ಮೇಲೆ ತಿರುಗುವುದಿಲ್ಲ; ಗೂಡಿನೊಂದಿಗೆ ಸುತ್ತುತ್ತವೆ ಅಷ್ಟೆ. ತಿರುವಿನಲ್ಲಿ ಮಾತ್ರ ಅವು ತಾವೂ ತಿರುಗುತ್ತವೆ. ಸದ್ದಿನ ಮೂಲ ಹುಡುಕುವಾಗ ಈ ಮಾತು ಬಹಳ ಉಪಯೋಗಕ್ಕೆ ಬರುತ್ತದೆ.

ಎಣ್ಣೆ ಕಡಿಮೆಯಾದರೆ ಏನಾಗುತ್ತದೆ?

ಕ್ರೌನ್ ಚಕ್ರದ ಕೆಳಭಾಗ ಎಣ್ಣೆಯಲ್ಲಿ ಮುಳುಗಿರುತ್ತದೆ. ಅದು ತಿರುಗುತ್ತ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಮೇಲಿರುವ ಬೇರಿಂಗುಗಳಿಗೆ ಎಣ್ಣೆ ಸಿಗುವುದು ಈ ಎರಚಾಟದಿಂದಲೇ. ಮಟ್ಟ ಇಳಿದಾಗ ಕ್ರೌನಿನ ಹಲ್ಲಿಗೆ ಸ್ವಲ್ಪವಾದರೂ ಎಣ್ಣೆ ಸಿಕ್ಕೀತು. ಎತ್ತರದಲ್ಲಿದ್ದು ವೇಗವಾಗಿ ತಿರುಗುವ ಪಿನಿಯನ್ ಬೇರಿಂಗಿಗೆ ಸಿಗುವುದಿಲ್ಲ. ಆದುದರಿಂದ ಸಾಮಾನ್ಯವಾಗಿ ಮೊದಲು ನರಳುವುದು ಪಿನಿಯನ್ ಬೇರಿಂಗು. ಏರು ಹತ್ತುವಾಗ ಇರುವ ಎಣ್ಣೆಯೂ ಹಿಂದಕ್ಕೆ ಸರಿಯುವುದರಿಂದ ಮುಂಭಾಗದ ಬೇರಿಂಗು ಇನ್ನಷ್ಟು ಒಣಗುತ್ತದೆ.

ಮುಂದಿನದು ಒಂದರ ಹಿಂದೊಂದು ನಡೆಯುತ್ತದೆ. ಬೇರಿಂಗು ಕಾದು ಅದರ ಉರುಳೆಗಳ ನುಣುಪು ಹೋಗುತ್ತದೆ, ಸಣ್ಣ ಸಣ್ಣ ಗುಳಿ ಬೀಳುತ್ತವೆ. ಬೇರಿಂಗು ಸಡಿಲವಾದಾಗ ಪಿನಿಯನ್ನು ತನ್ನ ಜಾಗದಿಂದ ಕೂದಲೆಳೆಯಷ್ಟು ಸರಿಯುತ್ತದೆ. ಪಿನಿಯನ್ನು ಸರಿದರೆ ಅದರ ಹಲ್ಲು ಕ್ರೌನಿನ ಹಲ್ಲಿನ ನಡುಭಾಗಕ್ಕೆ ಕೂಡದೆ ಅಂಚಿಗೆ ಕೂಡುತ್ತದೆ. ಇಡೀ ಹಲ್ಲು ಹೊರಬೇಕಾದ ಭಾರವನ್ನು ಅದರ ಅಂಚು ಹೊರುತ್ತದೆ. ಕೊನೆಗೆ ಹಲ್ಲು ಮುರಿಯುತ್ತದೆ. ಎಣ್ಣೆ ಮತ್ತೆ ತುಂಬಿದರೆ ಸದ್ದು ತಗ್ಗುತ್ತದೆ, ನಿಜ. ಆದರೆ ಗುಳಿ ಬಿದ್ದ ಬೇರಿಂಗು ಎಣ್ಣೆಯಿಂದ ಮತ್ತೆ ನುಣುಪಾಗುವುದಿಲ್ಲ. ನಾನು ಮೋಸಹೋದದ್ದು ಇಲ್ಲಿಯೇ.

ಮೊದಲು ನಿಲ್ಲಿಸಿ, ಅಳೆಯಿರಿ

ಹೊಸ ಸದ್ದು ಕೇಳಿದ ಕೂಡಲೆ ಕೆಲಸ ನಿಲ್ಲಿಸಬೇಕು. ಟ್ರ್ಯಾಕ್ಟರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದಿನ ಲಿಫ್ಟ್ ತೋಳುಗಳನ್ನು ಕೆಳಗಿಳಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಅನಂತರ ಅಳತೆಕಡ್ಡಿಯನ್ನು ಒರೆಸಿ, ಮತ್ತೆ ಹಾಕಿ ತೆಗೆದು ನೋಡಬೇಕು. ಕಡ್ಡಿ ಇಲ್ಲದ ಮಾದರಿಗಳಲ್ಲಿ ಪಕ್ಕದ ಮಟ್ಟದ ಪ್ಲಗ್ ಬಿಚ್ಚಿ ನೋಡಬೇಕು.

ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸು, ಡಿಫರೆನ್ಷಿಯಲ್ಲು, ಹೈಡ್ರಾಲಿಕ್ಕು ಈ ಮೂರಕ್ಕೂ ಒಂದೇ ಎಣ್ಣೆ. ಲಿಫ್ಟ್ ಮೇಲೆತ್ತಿರುವಾಗ ಅಥವಾ ಟಿಪ್ಪಿಂಗ್ ಟ್ರೇಲರು ಎತ್ತಿರುವಾಗ ಕೆಲವು ಲೀಟರ್ ಎಣ್ಣೆ ಅಲ್ಲಿಗೆ ಹೋಗಿರುತ್ತದೆ. ಆಗ ಅಳೆದರೆ ಲೆಕ್ಕ ತಪ್ಪುತ್ತದೆ. ಎಷ್ಟು ಕಡಿಮೆಯಾಗಿದೆ ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಒಟ್ಟು ಎಣ್ಣೆ 30 ಲೀಟರಿಗೂ ಮೀರಿ ಹಿಡಿಯುವ ಮಾದರಿಯಲ್ಲಿ 2 ಲೀಟರ್ ಕಡಿಮೆಯಾಗುವುದಕ್ಕೂ 15 ಲೀಟರ್ ಕಡಿಮೆಯಾಗುವುದಕ್ಕೂ ಬಹಳ ವ್ಯತ್ಯಾಸವಿದೆ. ಮೆಕ್ಯಾನಿಕ್ಕಿಗೆ ಈ ಅಂಕಿಯೇ ಮೊದಲ ಸುಳಿವು.

ಎಣ್ಣೆ ಎಲ್ಲಿ ಹೋಯಿತು?

ಗೇರ್ ಆಯಿಲು ಎಂಜಿನ್ ಆಯಿಲಿನಂತೆ ಉರಿದು ಹೋಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಸಣ್ಣದೆಂದು ಬಿಡುವಂತಿಲ್ಲ. ಹತ್ತು ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ಗಂಟೆಗೆ 360 ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ಗಂಟೆಗೆ 18 ಮಿಲಿಲೀಟರ್. ದಿನಕ್ಕೆ 8 ಗಂಟೆ ದುಡಿದರೆ 144 ಮಿಲಿಲೀಟರ್. ತಿಂಗಳಿಗೆ 4 ಲೀಟರಿಗೂ ಹೆಚ್ಚು. ಈ ಕೆಳಗಿನ ಜಾಗಗಳನ್ನು ಒರೆಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ನೋಡಬೇಕು.

1. ಹಿಂದಿನ ಚಕ್ರಗಳ ಒಳಬದಿ: ಅಚ್ಚಿನ ಆಯಿಲ್ ಸೀಲು ಹೋಗಿದ್ದರೆ ಚಕ್ರದ ಒಳಮೈಯಲ್ಲಿ ಎಣ್ಣೆ ಮಣ್ಣಿನೊಡನೆ ಸೇರಿ ಕಪ್ಪಾಗಿ ಅಂಟಿರುತ್ತದೆ. ಒಣ ಬ್ರೇಕಿನ ಟ್ರ್ಯಾಕ್ಟರುಗಳಲ್ಲಿ ಎಣ್ಣೆ ಬ್ರೇಕಿಗೆ ಸೇರಿದರೆ ಆ ಬದಿಯ ಬ್ರೇಕು ಹಿಡಿಯದು. ಇದು ಪ್ರಾಣಕ್ಕೆ ಅಪಾಯ.

2. ಪಿ.ಟಿ.ಓ. ಶಾಫ್ಟು: ದಾರ, ಹುಲ್ಲು, ತಂತಿ ಸುತ್ತಿಕೊಂಡು ಸೀಲನ್ನು ಕೊಯ್ಯುತ್ತವೆ.

3. ಗೇರ್ ಬಾಕ್ಸಿನ ಮುಂಭಾಗ: ಕ್ಲಚ್ ಪೆಟ್ಟಿಗೆಯ ಕೆಳಗಿನ ರಂಧ್ರದಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಅದು ಗೇರ್ ಬಾಕ್ಸಿನದೋ ಎಂಜಿನ್ನಿನದೋ ನೋಡಬೇಕು.

4. ಡ್ರೈನ್ ಪ್ಲಗ್ಗು ಮತ್ತು ಪೆಟ್ಟಿಗೆಗಳ ಜೋಡಣೆಯ ಪ್ಯಾಕಿಂಗು.

5. ಟಿಪ್ಪಿಂಗ್ ಟ್ರೇಲರಿನ ಪೈಪು: ಟ್ರೇಲರನ್ನು ಬಿಚ್ಚಿದಾಗಲೆಲ್ಲ ಸ್ವಲ್ಪ ಎಣ್ಣೆ ಅದರೊಂದಿಗೇ ಹೋಗುತ್ತದೆ, ಹೂಡುವಾಗ ಧೂಳು ಒಳಗೆ ಬರುತ್ತದೆ. ಬೇರೆಯವರ ಟ್ರೇಲರು ಎಳೆಯುವವರು ಇದನ್ನು ಹೆಚ್ಚಾಗಿ ಗಮನಿಸಬೇಕು.

6. ಉಸಿರುರಂಧ್ರ: ಪೆಟ್ಟಿಗೆಯ ಮೇಲಿರುವ ಬ್ರೀದರ್ ಮಣ್ಣಿನಿಂದ ಮುಚ್ಚಿದರೆ ಒಳಗಿನ ಬಿಸಿ ಗಾಳಿಗೆ ದಾರಿಯಿಲ್ಲದೆ ಒತ್ತಡ ಏರಿ, ಒಳ್ಳೆಯ ಸೀಲಿನಿಂದಲೂ ಎಣ್ಣೆ ಹೊರಬರುತ್ತದೆ. ಹೊಸ ಸೀಲು ಹಾಕಿಸಿಯೂ ಸೋರಿಕೆ ನಿಲ್ಲದಿದ್ದರೆ ಮೊದಲು ಇದನ್ನು ನೋಡಿ.

ಹಳೆಯ ಎಣ್ಣೆ ಏನು ಹೇಳುತ್ತದೆ?

ವೈದ್ಯರು ರಕ್ತ ಪರೀಕ್ಷೆ ಮಾಡುವಂತೆ ನಾವು ಎಣ್ಣೆಯನ್ನು ಪರೀಕ್ಷಿಸಬಹುದು. ರಾತ್ರಿಯಿಡೀ ನಿಂತ ಟ್ರ್ಯಾಕ್ಟರಿನ ಡ್ರೈನ್ ಪ್ಲಗ್ಗನ್ನು ಬೆಳಿಗ್ಗೆ ಸ್ವಲ್ಪವೇ ಸಡಿಲಿಸಿ. ಮೊದಲು ನೀರು ಬಂದರೆ ಒಳಗೆ ನೀರು ಸೇರಿದೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೂ ಅದೇ ಅರ್ಥ. ಕೇಜ್ ವೀಲ್ ಹಾಕಿ ಕೆಸರುಗದ್ದೆ ಹೊಡೆಯುವವರಲ್ಲಿ ಇದು ಹೆಚ್ಚು. ಎಣ್ಣೆ ಕರ್ರಗಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಒಳಭಾಗ ಅತಿಯಾಗಿ ಕಾದಿದೆ. ಆದರೆ ಗೇರ್ ಆಯಿಲಿಗೆ ಗಂಧಕದ ವಾಸನೆ ಸಹಜ. ಅದನ್ನು ಸುಟ್ಟ ವಾಸನೆಯೆಂದು ತಿಳಿಯಬಾರದು.

ಅನಂತರ ಎಣ್ಣೆಯನ್ನೆಲ್ಲ ಶುಚಿಯಾದ ಪಾತ್ರೆಗೆ ಇಳಿಸಿ, ತೆಳುವಾದ ಬಿಳಿ ಬಟ್ಟೆಯಲ್ಲಿ ಸೋಸಿ ಬಿಸಿಲಿನಲ್ಲಿ ನೋಡಿ. ಡ್ರೈನ್ ಪ್ಲಗ್ಗಿನಲ್ಲಿ ಆಯಸ್ಕಾಂತವಿದ್ದರೆ ಅದನ್ನೂ ನೋಡಿ. ವಿಭೂತಿಯಷ್ಟು ನುಣ್ಣನೆಯ ಬೂದುಬಣ್ಣದ ಅಂಟು ಇದ್ದರೆ ಅದು ಸಹಜ ಸವೆತ. ಮೀನಿನ ಹುರುಪೆಯಂತೆ ಹೊಳೆಯುವ ತೆಳು ಚೂರುಗಳಿದ್ದರೆ ಬೇರಿಂಗಿನ ಅಥವಾ ಹಲ್ಲಿನ ಮೇಲ್ಪದರ ಕಿತ್ತು ಬರುತ್ತಿದೆ. ಆಯಸ್ಕಾಂತಕ್ಕೆ ಅಂಟದ ಹಳದಿ ಚೂರುಗಳಿದ್ದರೆ ಹಿತ್ತಾಳೆ ಅಥವಾ ಕಂಚಿನ ವಾಷರು, ಬುಷ್ಷುಗಳು ಸವೆದಿವೆ. ಮೂಲೆಯಿರುವ ಗಟ್ಟಿ ತುಂಡು ಸಿಕ್ಕರೆ ಅದು ಮುರಿದ ಹಲ್ಲು. ಮುಂದಿನ ಪರೀಕ್ಷೆಗಳೇ ಬೇಡ, ಪೆಟ್ಟಿಗೆ ಬಿಚ್ಚಿಸಬೇಕು. ಈ ಚೂರುಗಳನ್ನು ಎಸೆಯದೆ ಕಾಗದದಲ್ಲಿ ಕಟ್ಟಿಟ್ಟು ಮೆಕ್ಯಾನಿಕ್ಕಿಗೆ ತೋರಿಸಿ.

ಸದ್ದು ಡಿಫರೆನ್ಷಿಯಲ್ಲಿನದೇ ಹೌದೇ?

ಗಟ್ಟಿ ಚೂರು ಸಿಗದಿದ್ದರೆ ಸರಿಯಾದ ಎಣ್ಣೆಯನ್ನು ಗುರುತಿನವರೆಗೆ ತುಂಬಿ, ಹೊರೆಯಿಲ್ಲದೆ ನಿಧಾನವಾಗಿ ಓಡಿಸಿ ಪರೀಕ್ಷಿಸಬಹುದು. ಟ್ರೇಲರು, ಉಪಕರಣ ಯಾವುದೂ ಬೇಡ. ಒಬ್ಬರು ಓಡಿಸಲಿ, ಇನ್ನೊಬ್ಬರು ಹತ್ತು ಹೆಜ್ಜೆ ದೂರದಲ್ಲಿ ನಿಂತು ಎರಡೂ ಬದಿಯಿಂದ ಕೇಳಲಿ. ಸದ್ದು ಕೇಳಲೆಂದು ಮಡ್‌ಗಾರ್ಡಿನ ಮೇಲೆ ಕೂರುವುದು, ಹಿಂದೆ ನಿಂತು ಬಗ್ಗುವುದು ಖಂಡಿತ ಕೂಡದು.

ಟ್ರ್ಯಾಕ್ಟರು ನಿಂತಿರುವಾಗ, ನ್ಯೂಟ್ರಲ್ಲಿನಲ್ಲಿ ಸದ್ದು ಬಂದು ಕ್ಲಚ್ ಒತ್ತಿದಾಗ ನಿಂತರೆ ದೋಷ ಗೇರ್ ಬಾಕ್ಸಿನದು. ಕ್ಲಚ್ ಒತ್ತಿದಾಗ ಮಾತ್ರ ಬಂದರೆ ಕ್ಲಚ್ ಬೇರಿಂಗಿನದು. ಒಂದೇ ಗೇರಿನಲ್ಲಿ ಬಂದು ಉಳಿದ ಗೇರುಗಳಲ್ಲಿ ಬರದಿದ್ದರೆ ಆ ಗೇರಿನ ಜೋಡಿಯದು. ಎಲ್ಲ ಗೇರುಗಳಲ್ಲಿಯೂ ಬಂದು, ಚಕ್ರದ ವೇಗದೊಂದಿಗೆ ಏರಿಳಿದರೆ ಮಾತ್ರ ಹಿಂದಿನ ಅಚ್ಚನ್ನು ಅನುಮಾನಿಸಬೇಕು. ಟಾರು ರಸ್ತೆಯಲ್ಲಿ ಕೇಳಿ ಮಣ್ಣಿನ ದಾರಿಯಲ್ಲಿ ಮಾಯವಾಗುವ ಗುಂಯ್‌ಕಾರ ಟೈರಿನ ಗುಬ್ಬಿಗಳದು. ಎಣ್ಣೆಯಲ್ಲಿ ಮುಳುಗಿರುವ ಬ್ರೇಕಿನ ಟ್ರ್ಯಾಕ್ಟರಿನಲ್ಲಿ ಬ್ರೇಕು ಒತ್ತಿದಾಗ ಮಾತ್ರ ನರಳುವ ಸದ್ದು ಬಂದರೆ ಹಾಕಿದ ಎಣ್ಣೆಯ ಜಾತಿಯೇ ತಪ್ಪಿರಬಹುದು.

ಇನ್ನೊಂದು ಸುಲಭ ಕಾರಣವಿದೆ. ಡಿಫರೆನ್ಷಿಯಲ್ ಲಾಕ್ ಪೆಡಲು ಕೆಸರು ಮೆತ್ತಿ ಮೇಲೇಳದಿದ್ದರೆ ಎರಡೂ ಚಕ್ರ ಒಂದಾಗಿಯೇ ತಿರುಗುತ್ತವೆ. ಗಟ್ಟಿ ನೆಲದ ತಿರುವಿನಲ್ಲಿ ಟ್ರ್ಯಾಕ್ಟರು ಎಳೆದಾಡಿ ಸದ್ದು ಮಾಡುತ್ತದೆ. ಪೆಡಲನ್ನು ತೊಳೆದು ಬಿಡಿಸಿದರೆ ಸದ್ದು ನಿಂತೀತು.

ಸದ್ದಿನ ಬಗೆ ಮತ್ತು ಕಾರಣ

ಸದ್ದು ಹಿಂದಿನ ಅಚ್ಚಿನದೇ ಎಂದು ಖಚಿತವಾದ ಮೇಲೆ ಅದರ ಬಗೆಯನ್ನು ಗುರುತಿಸಬೇಕು. ಕೆಳಗಿನವು ಸಾಮಾನ್ಯವಾಗಿ ಅನ್ವಯಿಸುವ ಗುರುತುಗಳು.

ಅ) ಗರಗರ ಎಂಬ ತಗ್ಗಿದ ಸದ್ದು, ಎಳೆತ ಇದ್ದರೂ ಇಲ್ಲದಿದ್ದರೂ ಒಂದೇ ಸಮ: ಬೇರಿಂಗು ಸವೆದಿದೆ.

ಆ) ಗುಂಯ್ ಎಂಬ ಏರುದನಿ, ಎಳೆಯುವಾಗ ಮಾತ್ರ: ಕ್ರೌನ್-ಪಿನಿಯನ್ ಹಲ್ಲುಗಳ ಎಳೆಯುವ ಮುಖ ಸವೆದಿದೆ ಅಥವಾ ಹಲ್ಲುಗಳ ಹೊಂದಾಣಿಕೆ ತಪ್ಪಿದೆ.

ಇ) ಅದೇ ದನಿ, ಇಳಿಜಾರಿನಲ್ಲಿ ಗೇರಿನಲ್ಲೇ ಇದ್ದು ಥ್ರಾಟಲ್ ತಗ್ಗಿಸಿದಾಗ ಮಾತ್ರ: ಆಗ ಹಲ್ಲುಗಳ ಹಿಂಬದಿಯ ಮುಖ ಭಾರ ಹೊರುತ್ತದೆ. ಆ ಮುಖ ಸವೆದಿರಬಹುದು ಅಥವಾ ಪಿನಿಯನ್ ಬೇರಿಂಗು ಸಡಿಲವಾಗಿ ಪಿನಿಯನ್ನು ಹಿಂದೆ ಮುಂದೆ ಆಡುತ್ತಿರಬಹುದು.

ಈ) ನೇರ ಹೋಗುವಾಗ ಮೌನ, ತಿರುವಿನಲ್ಲಿ ಮಾತ್ರ ಸದ್ದು: ಸ್ಟಾರ್ ಪಿನಿಯನ್, ಸನ್ ಗೇರು ಅಥವಾ ಅವುಗಳ ವಾಷರು ಸವೆದಿವೆ.

ಉ) ಕ್ಲಚ್ ಬಿಟ್ಟು ಹೊರಡುವಾಗ, ಗೇರು ಬದಲಿಸಿದಾಗ ಒಮ್ಮೆ ಧಡ್ ಎನ್ನುವುದು: ಹಲ್ಲುಗಳ ನಡುವಿನ ಸಡಿಲ ಹೆಚ್ಚಾಗಿದೆ.

ಊ) ಟಕ್ ಟಕ್ ಎಂದು ತಾಳಬದ್ಧವಾಗಿ ಬಡಿಯುವುದು: ಹಲ್ಲು ಮುರಿದಿದೆ ಅಥವಾ ಹಲ್ಲಿನ ನಡುವೆ ಚೂರು ಸಿಕ್ಕಿದೆ. ಇಲ್ಲಿ ಪರೀಕ್ಷೆ ಮುಂದುವರಿಸದೆ ನಿಲ್ಲಿಸಬೇಕು.

ಟಕ್ ಟಕ್ ಸದ್ದು ಎಷ್ಟು ಬೇಗ ಬೇಗ ಬಂತು ಎಂಬುದರಿಂದ ಮುರಿದ ಹಲ್ಲು ಯಾವುದೆಂದು ಊಹಿಸಬಹುದು. ಪಿನಿಯನ್ನಿಗೆ 9, ಕ್ರೌನಿಗೆ 40 ಹಲ್ಲು. ಬುಲ್ ಗೇರಿನಲ್ಲಿ ವೇಗ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಚಕ್ರ ಒಂದು ಸುತ್ತು ಬರುವಾಗ ಒಮ್ಮೆ ಬಡಿದರೆ ಬುಲ್ ಗೇರಿನದು. 5 ಸಲ ಬಡಿದರೆ ಕ್ರೌನಿನದು. ಸುಮಾರು 22 ಸಲ ಬಡಿದರೆ ಪಿನಿಯನ್ನಿನದು. ನಿಮ್ಮ ಟ್ರ್ಯಾಕ್ಟರಿನ ಹಲ್ಲುಗಳ ಸಂಖ್ಯೆ ಬೇರೆ ಇರಬಹುದು. ಲೆಕ್ಕದ ಕ್ರಮ ಇದೇ.

ಕಾಲು ಗಂಟೆ ಓಡಿಸಿದ ಮೇಲೆ ಎಡ ಬಲ ಅಚ್ಚಿನ ತುದಿಗಳ ಮೇಲೆ, ಪಿನಿಯನ್ನಿರುವ ಭಾಗದ ಮೇಲೆ ಒಂದೊಂದು ಹನಿ ನೀರು ಹಾಕಿ ನೋಡಿ. ಒಂದು ಕಡೆ ಮಾತ್ರ ಹನಿ ಚುರ್ ಎಂದು ಆರಿದರೆ ಆ ಭಾಗ ಅತಿಯಾಗಿ ಕಾದಿದೆ. ಅಲ್ಲಿ ಬ್ರೇಕು ಹಿಡಿದುಕೊಂಡಿಲ್ಲವೆಂದು ಖಚಿತಪಡಿಸಿಕೊಂಡು, ಆ ಕಡೆಯ ಬೇರಿಂಗನ್ನು ಅನುಮಾನಿಸಿ.

ಚಕ್ರ ಎತ್ತಿ ನೋಡುವ ಕ್ರಮ

ಈ ಪರೀಕ್ಷೆಯನ್ನು ಕಾಂಕ್ರೀಟು ಅಥವಾ ಗಟ್ಟಿ ನೆಲದ ಮೇಲೆ, ತಿಳಿದವರ ಜೊತೆಯಲ್ಲಿಯೇ ಮಾಡಬೇಕು. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ತಡೆಗಲ್ಲು ಕೊಡಿ. ಮುಂದಿನ ಅಚ್ಚು ನಡುವಿನ ಕೀಲಿನ ಮೇಲೆ ತೂಗಾಡುವುದರಿಂದ ಅದರ ಎರಡೂ ಬದಿಗೆ ಮರದ ಬೆಣೆ ಬಡಿಯಿರಿ. ಇಲ್ಲದಿದ್ದರೆ ಟ್ರ್ಯಾಕ್ಟರು ಪಕ್ಕಕ್ಕೆ ವಾಲೀತು. ಹಿಂದಿನ ಎರಡೂ ಚಕ್ರಗಳನ್ನು ಎತ್ತಿ, ಭಾರವನ್ನು ಜಾಕಿನ ಮೇಲೆ ಬಿಡದೆ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಎಂಜಿನ್ ಆರಿಯೇ ಇರಬೇಕು. ಒಂದು ಚಕ್ರ ಮಾತ್ರ ಎತ್ತಿ ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕುವುದು ಆತ್ಮಹತ್ಯೆಗೆ ಸಮ: ಎತ್ತಿದ ಚಕ್ರ ಎರಡರಷ್ಟು ವೇಗದಲ್ಲಿ ತಿರುಗುತ್ತದೆ; ನೆಲದ ಮೇಲಿನ ಚಕ್ರ ಹಿಡಿದುಕೊಂಡರೆ ಟ್ರ್ಯಾಕ್ಟರು ಜಾಕಿನಿಂದ ಹಾರುತ್ತದೆ.

ಗೇರಿಗೆ ಹಾಕಿ, ಬ್ರೇಕು ಬಿಟ್ಟು, ಒಂದು ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಇನ್ನೊಂದು ಚಕ್ರ ಹಿಂದಕ್ಕೆ ತಿರುಗಬೇಕು. ನಡುನಡುವೆ ಕಚ್ಚಿದರೆ ಸ್ಟಾರ್ ಪಿನಿಯನ್ನಿನ ಕಡೆ ದೋಷವಿದೆ. ಅನಂತರ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಒಂದು ಬದಿ ಹೆಚ್ಚು ಆಡಿದರೆ ಆ ಅಚ್ಚಿನ ಬೇರಿಂಗು ಸಡಿಲವಾಗಿದೆ.

ಓಡಿಸಬಹುದೇ, ಬಿಚ್ಚಿಸಬೇಕೇ?

ಎಣ್ಣೆ ಸ್ವಲ್ಪವೇ ಕಡಿಮೆಯಾಗಿದ್ದು, ಚೂರುಗಳಿಲ್ಲದೆ, ತುಂಬಿದ ಮೇಲೆ ಸದ್ದು ಪೂರ್ತಿ ನಿಂತು, ಯಾವ ಭಾಗವೂ ಅತಿಯಾಗಿ ಕಾಯದಿದ್ದರೆ ಸೋರಿಕೆ ಸರಿಪಡಿಸಿ ಹಗುರ ಕೆಲಸದಿಂದ ಆರಂಭಿಸಬಹುದು. ಮೊದಲ ವಾರ ದಿನವೂ ಮಟ್ಟ ನೋಡಿ. ಸುಮಾರು 50 ಗಂಟೆ ದುಡಿದ ಮೇಲೆ ಮತ್ತೊಮ್ಮೆ ಸ್ವಲ್ಪ ಎಣ್ಣೆ ಇಳಿಸಿ ಚೂರುಗಳಿಗಾಗಿ ಹುಡುಕಿ.

ಸದ್ದು ತಗ್ಗಿದೆ, ಆದರೆ ನಿಂತಿಲ್ಲ ಎಂದಾದರೆ ಓಡಿಸಬಾರದು. ಹಲ್ಲು ಮುರಿದ ಅನುಮಾನವಿದ್ದರೆ ಟ್ರ್ಯಾಕ್ಟರನ್ನು ಎಳೆದುಕೊಂಡೂ ಹೋಗಬಾರದು. ಚಕ್ರ ತಿರುಗಿದಷ್ಟೂ ಚೂರುಗಳು ಒಳಗೆ ಅರೆಯುತ್ತವೆ. ಮೆಕ್ಯಾನಿಕ್ಕನ್ನೇ ಹೊಲಕ್ಕೆ ಕರೆಸುವುದು ಲೇಸು. ಬಿತ್ತನೆಯ ಹದ ತಪ್ಪುವ ಚಿಂತೆ ನನಗೂ ತಿಳಿದಿದೆ. ಆ ಎರಡು ದಿನಕ್ಕೆ ನೆರೆಯವರ ಟ್ರ್ಯಾಕ್ಟರನ್ನೋ, 2014-15ರಿಂದ ಹೋಬಳಿ ಮಟ್ಟದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದ ಟ್ರ್ಯಾಕ್ಟರನ್ನೋ ತಂದು ಬಿತ್ತಿರಿ. ಬಾಡಿಗೆಯ ಹಣ ಕ್ರೌನ್-ಪಿನಿಯನ್ನಿನ ಹಣಕ್ಕಿಂತ ಎಷ್ಟೋ ಕಡಿಮೆ.

ಬಿಚ್ಚಿಸುವಾಗ ನೀವು ಎದುರಿನಲ್ಲಿರಿ. ಕ್ರೌನು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿಯಾಗಿ ತಯಾರಿಸುತ್ತಾರೆ. ಒಂದು ಕೆಟ್ಟರೂ ಎರಡನ್ನೂ ಬದಲಿಸಬೇಕು. ಬೇರಿಂಗಿನ ಒಳಗೂಡು ಹೊರಬಳೆಗಳನ್ನೂ ಜೋಡಿಯಾಗಿಯೇ ಹಾಕಿಸಿ. ಹಲ್ಲುಗಳ ನಡುವಿನ ಸಡಿಲವನ್ನು ಕೈಪಿಡಿಯ ಅಂಕಿಯಂತೆ ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುಭಾಗಕ್ಕೆ ಬೀಳುವುದನ್ನು ತೋರಿಸುವಂತೆ ಕೇಳಿ. ಅಂದಾಜಿನ ಮೇಲೆ ಬಿಗಿದ ಹೊಸ ಜೋಡಿ ಹಳೆಯದಕ್ಕಿಂತ ಬೇಗ ಹಾಳಾಗುತ್ತದೆ.

ಬೇಡದ ಉಪಾಯಗಳು, ಸರಿಯಾದ ಎಣ್ಣೆ

ಸದ್ದು ಅಡಗಿಸಲು ಪೆಟ್ಟಿಗೆಗೆ ಗ್ರೀಸ್ ತುಂಬುವುದು, ಮರದ ಹೊಟ್ಟು ಹಾಕುವುದು ಹಳೆಯ ಚಾಳಿ. ಗ್ರೀಸು ಎರಚಿ ಮೇಲೇರುವುದಿಲ್ಲವಾದುದರಿಂದ ಬೇರಿಂಗು ಇನ್ನೂ ಒಣಗುತ್ತದೆ. ಹೊಟ್ಟು ಬೇರಿಂಗನ್ನು ತಿನ್ನುತ್ತದೆ. ಹಳೆಯ ಟ್ರ್ಯಾಕ್ಟರು ಕೊಳ್ಳುವವರು ಇದನ್ನು ನೆನಪಿಡಬೇಕು: ಡ್ರೈನ್ ಪ್ಲಗ್ ಸಡಿಲಿಸಿ ಒಂದು ಲೋಟ ಎಣ್ಣೆ ನೋಡದೆ ಮುಂಗಡ ಕೊಡಬೇಡಿ. ಗುರುತಿಗಿಂತ ಹೆಚ್ಚು ಎಣ್ಣೆ ತುಂಬುವುದೂ ತಪ್ಪು. ಎಣ್ಣೆ ನೊರೆಗಟ್ಟಿ, ಕಾದು, ಸೀಲನ್ನು ತಳ್ಳಿ ಹೊರಬರುತ್ತದೆ.

ಎಣ್ಣೆಯ ಅಂಕಿಯ ಬಗ್ಗೆಯೂ ತಪ್ಪು ತಿಳಿವಳಿಕೆಯಿದೆ. 90 ಅಂಕಿಯ ಗೇರ್ ಆಯಿಲು 40 ಅಂಕಿಯ ಎಂಜಿನ್ ಆಯಿಲಿಗಿಂತ ಎರಡರಷ್ಟು ಗಟ್ಟಿ ಎಂದು ಹಲವರು ನಂಬಿದ್ದಾರೆ. ಎರಡರ ಅಳತೆಗೋಲೇ ಬೇರೆ. 90ರ ಗೇರ್ ಆಯಿಲಿನ ಮಂದತೆ 40 ಅಥವಾ 50ರ ಎಂಜಿನ್ ಆಯಿಲಿಗೆ ಹತ್ತಿರ. ಮಂದತೆಗಿಂತ ಮುಖ್ಯವಾದುದು ಎಣ್ಣೆಯ ಜಾತಿ. ಜಿ.ಎಲ್.-5 ದರ್ಜೆಯ ಎಣ್ಣೆಯಲ್ಲಿ ಹಲ್ಲಿನ ಒತ್ತಡ ತಡೆಯುವ ಗಂಧಕ, ರಂಜಕದ ಅಂಶ ಹೆಚ್ಚು. ಹಿತ್ತಾಳೆಯ ಭಾಗಗಳಿರುವ ಪೆಟ್ಟಿಗೆಗೆ ಅದು ಕೆಡುಕು ಮಾಡಬಹುದು. ಎಣ್ಣೆಯಲ್ಲಿ ಮುಳುಗಿದ ಬ್ರೇಕಿರುವ ಟ್ರ್ಯಾಕ್ಟರಿಗೆ ಅದಕ್ಕೆಂದೇ ತಯಾರಿಸಿದ ಎಣ್ಣೆ ಬೇಕು. ಆದುದರಿಂದ ಅಂಗಡಿಯವರ ಮಾತಿಗಿಂತ ನಿಮ್ಮ ಕೈಪಿಡಿಯ ಮಾತು ಮೇಲು. ಇಳಿಸಿದ ಹಳೆಯ ಎಣ್ಣೆಯನ್ನು ಬಾವಿ, ಕಾಲುವೆಗಳ ಬಳಿ ಚೆಲ್ಲದೆ ಡಬ್ಬಿಯಲ್ಲಿಟ್ಟು, ಹಳೆ ಎಣ್ಣೆ ಕೊಳ್ಳಲು ಪರವಾನಗಿ ಇರುವವರಿಗೇ ಕೊಡಿ.

ಕೊನೆಯ ಮಾತು

ವಾರಕ್ಕೊಮ್ಮೆ, ಅಥವಾ 50 ಗಂಟೆಗೊಮ್ಮೆ ಗೇರ್ ಆಯಿಲಿನ ಮಟ್ಟ ನೋಡುವುದು, ಪಿ.ಟಿ.ಓ. ಮತ್ತು ಅಚ್ಚಿನ ತುದಿಗೆ ಸುತ್ತಿದ ಹುಲ್ಲು ದಾರ ಬಿಡಿಸುವುದು, ಉಸಿರುರಂಧ್ರ ಒರೆಸುವುದು, ಕೆಸರುಗದ್ದೆಯ ಕೆಲಸ ಮುಗಿದ ಮೇಲೆ ನೀರು ಸೇರಿದೆಯೇ ನೋಡುವುದು: ಇವಿಷ್ಟಕ್ಕೆ ಹದಿನೈದು ನಿಮಿಷ ಸಾಕು. ಹೆಚ್ಚಿನ ತರಬೇತಿ ಬಯಸುವವರಿಗೆ ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ.

ಇದೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ದಿನವೂ ಟ್ರ್ಯಾಕ್ಟರಿನ ಮೇಲೆ ಕೂರುವವನಿಗೆ ಅದರ ಸದ್ದು ಮಗುವಿನ ಅಳುವಿನಷ್ಟು ಪರಿಚಿತ. ಅವನು ನಿಮ್ಮ ಮಗನಿರಲಿ, ಸಂಬಳದ ಚಾಲಕನಿರಲಿ, "ಹಿಂದೆ ಏನೋ ಸದ್ದು" ಎಂದಾಗ ಕೆಲಸ ನಿಲ್ಲಿಸಿ ಅಳತೆಕಡ್ಡಿ ತೆಗೆಯಿರಿ. "ಇನ್ನೆರಡು ತಾಕು ಮುಗಿಸಿಬಿಡು" ಎಂಬ ಮಾತು ನಿಮ್ಮ ಬಾಯಿಂದ ಬಾರದಿರಲಿ.